ಕಲ್ಮಲ ದಾಟಿ ಒಪೆಕ್‌ವರೆಗೆ

ರಾಯಚೂರಿನ ಹೈದರಾಬಾದ್ ರಸ್ತೆಯಲ್ಲಿರುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಜನರ ಬಾಯಲ್ಲಿ ಬರೀ ‘ಒಪೆಕ್’. ತೈಲ ರಫ್ತು ಮಾಡುವ ದೇಶಗಳ ನಿಧಿಯ ನೆರವಿನಲ್ಲಿ ಕಟ್ಟಿದ್ದರಿಂದ ಆ ಹೆಸರು ಅಂಟಿಕೊಂಡಿತು. 350 ಹಾಸಿಗೆಗಳ ಈ ಆಸ್ಪತ್ರೆ 2001ರಲ್ಲಿ ಶುರುವಾದಾಗ ಅದೊಂದು ಹೊಸ ಪ್ರಯೋಗ. ಜಾಗ, ಕಟ್ಟಡ, ಯಂತ್ರಗಳು ಸರ್ಕಾರದವು. ವೈದ್ಯರು ಮತ್ತು ಆಡಳಿತ ಅಪೊಲೊ ಸಂಸ್ಥೆಯದು. ಮೊದಲ ಮೂರು ವರ್ಷದ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು, ಆಮೇಲೆ ಲಾಭ ಬಂದರೆ ಅದರಲ್ಲಿ ಶೇ 30 ಅಪೊಲೊಗೆ, ಬಾರದಿದ್ದರೆ ಒಟ್ಟು ಬಿಲ್ಲಿನ ಶೇ 3ರ ಮಿತಿಯಲ್ಲಿ ಸೇವಾಶುಲ್ಕ ಎಂಬ ಕರಾರಾಗಿತ್ತು. ಬಡತನ ರೇಖೆಗಿಂತ ಕೆಳಗಿನವರಿಗೆ ದೊಡ್ಡ ಚಿಕಿತ್ಸೆ ಕೈಗೆಟುಕಲಿ ಎಂಬುದು ಘೋಷಿತ ಉದ್ದೇಶ. 2012ರಲ್ಲಿ ಅಪೊಲೊ ಹೊರನಡೆಯಿತು. ಆಸ್ಪತ್ರೆ 2007ರಲ್ಲಿ ಆರಂಭವಾಗಿದ್ದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಅಂದರೆ ರಿಮ್ಸ್‌ನ, ತೆಕ್ಕೆಗೆ ಬಂತು. ಖಾಸಗಿಯವರು ನಡೆಸಿದರೆ ಸರಿಯೋ ಸರ್ಕಾರ ನಡೆಸಿದರೆ ಸರಿಯೋ ಎಂಬ ವಾದ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಆ ವಾದದಲ್ಲಿ ಎರಡೂ ಕಡೆಯವರು ಮರೆಯುವುದು ಒಂದನ್ನೇ: ಗೇಟಿನವರೆಗೆ ಯಾರು ಬಂದು ಮುಟ್ಟುತ್ತಾರೆ ಎಂಬುದು ಗೇಟಿನ ಒಳಗೆ ತೀರ್ಮಾನವಾಗುವುದಿಲ್ಲ.

ಅದು ತೀರ್ಮಾನವಾಗುವುದು ಊರಿನ ಇನ್ನೊಂದು ತುದಿಯ ಆಚೆ. ಲಿಂಗಸುಗೂರು ರಸ್ತೆಯ ಹೋಬಳಿ ಊರು ಕಲ್ಮಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಗಬ್ಬೂರು, ದೇವದುರ್ಗ ಹಾದು ತಿಂಥಣಿ ಸೇತುವೆಯತ್ತ, ಇನ್ನೊಂದು ಮಾನ್ವಿ, ಸಿಂಧನೂರಿನತ್ತ. ಈ ಎರಡೂ ದಾರಿಯ ತಾಲ್ಲೂಕುಗಳ ರೋಗಿ ದೊಡ್ಡ ದವಾಖಾನೆಗೆ ಬರಬೇಕೆಂದರೆ ಕಲ್ಮಲ ದಾಟಿ, ರಾಯಚೂರು ನಗರವನ್ನು ಅಡ್ಡಹಾಯ್ದು, ಹೈದರಾಬಾದ್ ರಸ್ತೆ ಸೇರಬೇಕು. ಒಪೆಕ್ ಬಾಗಿಲು ತೆರೆದ ಮರುವರ್ಷವೇ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಿತು. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ ಎಂಬುದೂ ಸೇರಿ 35 ಮಾನದಂಡಗಳಲ್ಲಿ ಆಗಿನ 175 ತಾಲ್ಲೂಕುಗಳನ್ನು ಅಳೆದಾಗ ಕಟ್ಟಕಡೆಗೆ ನಿಂತದ್ದು ದೇವದುರ್ಗ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ ಅದಕ್ಕೆ ಸಿಕ್ಕ ಅಂಕ 0.53. ಲೆಕ್ಕಕ್ಕೆ ಬಳಸಿದ ಅಂಕಿಗಳು ಆಸ್ಪತ್ರೆಗಿಂತ ಹಳೆಯವು, ಹಾಗಾಗಿ ದೋಷವನ್ನು ಒಪೆಕ್ ಮೇಲೆ ಹೊರಿಸಲಾಗದು. ಆದರೆ ಅತಿ ಆಧುನಿಕ ಚಿಕಿತ್ಸೆ ಮತ್ತು ಅತಿ ಹಿಂದುಳಿದ ತಾಲ್ಲೂಕು ಎರಡೂ ಒಂದೇ ಜಿಲ್ಲೆಯಲ್ಲಿ ಇರಬಲ್ಲವು, ಒಂದಕ್ಕೊಂದು ಮುಖ ನೋಡದೆ ಇರಬಲ್ಲವು. ವೇಲ್ಸ್‌ನ ಗಣಿ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ನಿಯಮವೆಂಬಂತೆ ಬರೆದಿದ್ದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ.

ಏಕೆ ಹೀಗೆ ಎಂಬುದನ್ನು ಒಂದು ಹೆರಿಗೆಯ ದಾರಿ ಹಿಡಿದು ನೋಡಬಹುದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19.28 ಲಕ್ಷ, ಐದರಲ್ಲಿ ಸುಮಾರು ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ದೇವದುರ್ಗದ ದೊಡ್ಡಿಗಳಲ್ಲಿ, ತಾಂಡಾಗಳಲ್ಲಿ ಬಸಿರಿಯ ಹೆಸರು ಬರೆದುಕೊಂಡು ತಾಯಿ ಕಾರ್ಡ್ ಕೊಡಿಸುವವರು ಆಶಾ ಕಾರ್ಯಕರ್ತೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ತಿಂಗಳ ತಪಾಸಣೆ ಎಲ್ಲ ಕಾರ್ಡಿನಲ್ಲಿ ದಾಖಲಾಗುತ್ತವೆ. ಮಳೆ ಕೈಕೊಟ್ಟಿತೆಂದರೆ ಕುಟುಂಬ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತದೆ, ಕಾರ್ಡಿನ ಸರಣಿ ಅಲ್ಲಿಗೆ ತುಂಡಾಗುತ್ತದೆ. ಊರಲ್ಲೇ ಉಳಿದರೂ ಹತ್ತಿ ಬಿಡಿಸುವ ಕಾಲದಲ್ಲಿ ತಪಾಸಣೆಗೆ ಹೋಗುವುದೆಂದರೆ ಆ ದಿನದ ಕೂಲಿ ಬಿಟ್ಟಂತೆ, ಜೊತೆಗೆ ಹೋದವರ ಕೂಲಿಯೂ ಹೋದಂತೆ. ಕೊನೆಗೆ ಹೆರಿಗೆ ಬಿಗಿಯಾದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕೆಂದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಹೊಂದುವ ರಕ್ತ ಮೂರೂ ಒಂದೇ ಗಳಿಗೆಯಲ್ಲಿ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೆ ಚೀಟಿಯ ಮೇಲೆ ಬೀಳುವ ಪದ ‘ರೆಫರ್’. ದೇವದುರ್ಗದಿಂದ ರಾಯಚೂರಿಗೆ ಐವತ್ತು ಕಿಲೊಮೀಟರಿನ ಆಸುಪಾಸು; ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ. ಇಲ್ಲಿ ತಪ್ಪಿದ್ದು ಒಪೆಕ್ ಅಲ್ಲ, ರಿಮ್ಸ್ ಅಲ್ಲ. ಅದಕ್ಕಿಂತ ಕೆಳಗಿನ ಮೆಟ್ಟಿಲುಗಳು.

ವಿಮೆ ಬಂದ ಮೇಲೆ ಈ ಮಾತು ಹಳತಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ಗಟ್ಟಿಯಾದದ್ದೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಜಾರಿ ಮಾಡಿದ್ದು ರಾಯಚೂರನ್ನೂ ಒಳಗೊಂಡ ಗುಲಬರ್ಗಾ ವಿಭಾಗದಲ್ಲೇ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆಗಿನ ಯೋಜನೆಯಿಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಶೇ 64ರಷ್ಟು ಕಡಿಮೆಯಿತ್ತು. ಇದು ಸಣ್ಣ ಫಲವಲ್ಲ. ಆದರೆ ಆ ಯೋಜನೆ ದುಡ್ಡಿನ ಭರವಸೆ ಕೊಟ್ಟು ಸುಮ್ಮನಾಗಿರಲಿಲ್ಲ. ಹಳ್ಳಿಗಾಡಿನಲ್ಲಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ಆಸ್ಪತ್ರೆಗೆ ಕಳಿಸುವುದು ಅದರ ಭಾಗವೇ ಆಗಿತ್ತು. ಎಂದರೆ ವಿಮೆಯ ಗೆಲುವಿನಲ್ಲಿ ಹಳ್ಳಿಗೆ ಹೋದ ಕಾಲುಗಳ ಪಾಲೂ ಇದೆ. 2018ರ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಭರವಸೆಯಿದೆ. ತುರ್ತು ಸ್ಥಿತಿ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಕೆಳಗಿನ ಕೇಂದ್ರದಲ್ಲಿ ವೈದ್ಯರೇ ಇಲ್ಲದಿದ್ದರೆ ಆ ಪತ್ರಕ್ಕೂ ಅಲೆದಾಟ. ಇನ್ನು ಕುಡಿಯುವ ನೀರಿಗೆ ಯಾವ ವಿಮೆಯೂ ಇಲ್ಲ: 2022ರಲ್ಲಿ ರಾಯಚೂರು ನಗರದಲ್ಲಿ, ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಜೀವ ತೆಗೆಯಿತು.

ಇನ್ನೊಂದು ಆಕ್ಷೇಪ ರಾಯಚೂರಿನವರದೇ, ಅದರ ಹಿಂದೆ ನೋವೂ ಇದೆ. ನಂಜುಂಡಪ್ಪ ವರದಿ ಇಲ್ಲಿಗೆ ಶಿಫಾರಸು ಮಾಡಿದ್ದ ಐಐಟಿ ಧಾರವಾಡಕ್ಕೆ ಹೋಯಿತು. ಆ ಗಾಯ ಮಾಯುವ ಮುನ್ನವೇ, 2022ರ ಮೇ ತಿಂಗಳಿನಿಂದ, ಏಮ್ಸ್‌ಗಾಗಿ ಧರಣಿ ಶುರುವಾಗಿ ಸಾವಿರ ದಿನ ದಾಟಿತು. ಅಂಥ ಹೊತ್ತಿನಲ್ಲಿ ಉಪಕೇಂದ್ರ, ಆಶಾ ಎಂದು ಮಾತಾಡುವುದು ಬಡ ಜಿಲ್ಲೆಗೆ ಬಡ ಔಷಧ ಸಾಕು ಎಂದಂತೆ ಕೇಳಬಹುದು. ಏಮ್ಸ್ ಬೇಡಿಕೆ ನ್ಯಾಯದ್ದು. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದು ಹೈದರಾಬಾದ್‌ನಲ್ಲಿ ಹೊಲ ಮಾರಿಕೊಳ್ಳುವ ಕುಟುಂಬಗಳಿಗೆ ಅದು ಬೇಕೇ ಬೇಕು. ಕಲಬುರಗಿಯ ಜಯದೇವ ಆಸ್ಪತ್ರೆಗೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ನೇ ಜೆ ವಿಧಿಯ ನೆನಪಿಗೆ, 371 ಹಾಸಿಗೆ ಇಟ್ಟರಲ್ಲ, ಸಂಖ್ಯೆಯ ಮೇಲಿನ ಆ ಪ್ರೀತಿಯನ್ನೂ ಒಪ್ಪಿಕೊಳ್ಳೋಣ. ಆದರೆ ಒಪೆಕ್ ಈ ಪರೀಕ್ಷೆಯನ್ನು ಒಮ್ಮೆ ಬರೆದಾಗಿದೆ. ಕೆಳಗಿನಿಂದ ರೋಗಿ ಸಕಾಲಕ್ಕೆ ಬಾರದಿದ್ದರೆ, ಚಿಕಿತ್ಸೆ ಮುಗಿಸಿ ಹೋದವರನ್ನು ಊರಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ, ದೊಡ್ಡ ಆಸ್ಪತ್ರೆ ನಗರದವರಿಗೂ ವಾಹನ ಇದ್ದವರಿಗೂ ಮೊದಲು ಒದಗುತ್ತದೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡದ್ದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು. ಅದೂ ಸರ್ಕಾರದ ಜೊತೆಗಿನ ಸಹಭಾಗಿತ್ವವೇ, ಆದರೆ ಶುರುವಾದದ್ದು ಏಣಿಯ ಬುಡದಿಂದ.

ದೇವದುರ್ಗಕ್ಕೆ ವೈದ್ಯರು ಬರುವುದೇ ಇಲ್ಲ, ಏನು ಮಾಡುವುದು ಎಂಬ ಕೈಚೆಲ್ಲಿದ ಮಾತು ಇನ್ನು ನಡೆಯಬಾರದು. 371ನೇ ಜೆ ವಿಧಿ ಬಂದಂದಿನಿಂದ ಕಲ್ಯಾಣ ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೇ ಮೀಸಲು. 2014ರ ಸುಮಾರಿಗೆ ಹಾಗೆ ಸೇರಿದವರು ಎಂಬಿಬಿಎಸ್ ಮುಗಿಸಿ ವರ್ಷಗಳಾದವು. ಸ್ನಾತಕೋತ್ತರ ಓದಿದವರು ತಜ್ಞರೂ ಆಗಿರುತ್ತಾರೆ. ಆ ಭಾಷೆ, ಆ ದೊಡ್ಡಿ, ಆ ಗುಳೆ ಗೊತ್ತಿರುವ ಮಕ್ಕಳು ಅವರಲ್ಲಿ ಇದ್ದಾರೆ. ಇತ್ತ ವೈದ್ಯ ಪದವೀಧರರ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಸಡಿಲಿಸಿ, ಹುದ್ದೆ ಖಾಲಿ ಇದ್ದರೆ ಮಾತ್ರ ಸಾಕು ಎಂದಿತು. ಹಾಗಿದ್ದರೆ ಖಾಲಿ ಹುದ್ದೆಯ ಪಟ್ಟಿಯನ್ನು ಬೆಂಗಳೂರಿನ ಕಡೆಯಿಂದ ಓದುವ ಬದಲು ದೇವದುರ್ಗದ ಕಡೆಯಿಂದ ಓದಲಿ. ಹೆರಿಗೆ ತಜ್ಞರನ್ನೂ ಅರಿವಳಿಕೆ ತಜ್ಞರನ್ನೂ ಜೋಡಿಯಾಗಿಯೇ ನೇಮಿಸಲಿ, ಅವರ ಮಕ್ಕಳಿಗೆ ಶಾಲೆ, ಇರಲು ಮನೆ ಕೊಡಲು 371ನೇ ಜೆ ಅಡಿಯ ಅನುದಾನದಲ್ಲಿ ಒಂದು ಪಾಲು ತೆಗೆದಿಡಲಿ.