‘ಸೌಭದ್ರ’ದಲ್ಲಿ ಕನ್ನಡದ ಋಣ
ಪುಣೆಯಲ್ಲಿ ನೆಲೆಸಿದ ನಾವು ‘ಸಂಗೀತ ಸೌಭದ್ರ’ವನ್ನು ನೆರೆಯವರ ನಾಟಕವೆಂದೇ ನೋಡುವುದುಂಟು. ಆದರೆ ಅದರ ಕರ್ತೃಗಳಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಇದೇ ನಗರದಲ್ಲಿ ‘ಶಾಕುಂತಲ’ವನ್ನಾಡಿ ಮನ್ನಣೆ ಗಳಿಸಿದ ಅವರ ವೃತ್ತಿಮಂಡಳಿಯು 1882ರಲ್ಲಿ ಈ ವಿನೋದಮಯ ಗೇಯನಾಟಕವನ್ನು ರಂಗಕ್ಕೆ ತಂದಿತು. ಕಪಟಸಂನ್ಯಾಸಿಯಾದ ಅರ್ಜುನ, ಸೂತ್ರ ಹಿಡಿದ ಕೃಷ್ಣ, ಮೋಸವರಿಯದ ಬಲರಾಮ; ಸುಭದ್ರೆಯಾಗಿ ಹಾಡಿದವರು ಭಾವೂರಾವ ಕೊಲ್ಹಟಕರರು. ಪದಗಳ ಕೆಲವು ಧಾಟಿಗಳು ಕನ್ನಡದವು. ಅದಕ್ಕೂ ಮೊದಲು, 1843ರಲ್ಲಿ, ಸಾಂಗಲಿಯ ವಿಷ್ಣುದಾಸ ಭಾವೆಯವರ ನಾಟಕಕ್ಕೆ ಪ್ರೇರಣೆಯಿತ್ತುದೂ ಕರ್ನಾಟಕದ ಭಾಗವತ ಮೇಳವೇ. ಮುಂದೆ ನಮ್ಮ ನಾಟಕ ಕಂಪನಿಗಳು ಮರಾಠಿ ಮಂಡಳಿಗಳಿಂದ ಬಹಳವನ್ನು ಕಲಿತು ಆ ಋಣವನ್ನು ಇಮ್ಮಡಿಗೊಳಿಸಿದವು. ಇಲ್ಲಿಯೇ ಬೆಳೆಯುತ್ತಿರುವ ನಮ್ಮ ಮಕ್ಕಳು ಈ ಕೊಡುಕೊಳೆಯನ್ನು ಅರಿಯದೆ ಹೋಗಬಾರದು. ‘ಸೌಭದ್ರ’ದ ಪ್ರಯೋಗವಾದಾಗ ವಾಚಕರು ಅವರನ್ನೂ ಕರೆದೊಯ್ಯಬೇಕೆಂದು ನಮ್ಮ ಬಿನ್ನಹ.