ಚಳಿಜ್ವರ, ಪಕ್ಕೆನೋವು: ಕಿಡ್ನಿಯ ಕಾವಲುಗಾರರ ಕೂಗು ಕೇಳಿ

ಜತ್ತ: ಬೇಸಿಗೆ ಬಂತೆಂದರೆ ನಮ್ಮ ಭಾಗದಲ್ಲಿ ಒಂದು ಮಾತು ತಪ್ಪದು. ಕನ್ನಡದ ಅಜ್ಜಿ ‘ಉಷ್ಣ ಆಗೇದ, ಉರಿಮೂತ್ರ’ ಅಂತಾಳೆ. ಪಕ್ಕದ ಮರಾಠಿ ಮನೆಯಾಕೆ ‘ಉನ್ಹಾಳಿ ಲಾಗಲಿ’ ಅಂತಾಳೆ. ಎರಡೂ ಮನೆಯ ಮದ್ದು ಒಂದೇ: ನೀರು, ಮಜ್ಜಿಗೆ, ಸಬ್ಜಾ. ಆದರೆ ಉರಿಯ ಜೊತೆ ನಡುಗಿಸುವ ಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದರೆ ಅದು ಬರೀ ಉಷ್ಣವಲ್ಲ. ಸೋಂಕು ಕಿಡ್ನಿಗೆ ಏರಿರಬಹುದು.

ಇದಕ್ಕೆ ಹೆಚ್ಚಾಗಿ ಕಾರಣ, ನಮ್ಮ ಕರುಳಿನಲ್ಲೇ ಇರುವ ಇ. ಕೊಲೈ ಬ್ಯಾಕ್ಟೀರಿಯಾ. ಅದು ಮೂತ್ರದ ದಾರಿಯಿಂದ ಮೂತ್ರಚೀಲ ಸೇರಿ, ಅಲ್ಲಿಂದ ಮೇಲೆ ಹತ್ತುತ್ತದೆ. ಕಿಡ್ನಿಯೇನೂ ಸುಮ್ಮನೆ ಕೂಡುವುದಿಲ್ಲ. ಅದು ತಯಾರಿಸುವ ಯುರೊಮಾಡ್ಯುಲಿನ್ ಎಂಬ ಪ್ರೋಟೀನು ರೋಗಾಣುಗಳಿಗೆ ಅಂಟಿಕೊಂಡು ಮೂತ್ರದ ಜೊತೆ ಹೊರಗೆ ಸಾಗಿಸುತ್ತದೆ. ತಪ್ಪಿಸಿಕೊಂಡವನ್ನು ಹಿಡಿಯಲು ಜೀವಕೋಶಗಳ ಮೇಲೆ ‘ಟೋಲ್’ ಗ್ರಾಹಕಗಳಿವೆ. ರಸ್ತೆಯ ಟೋಲಿಗೂ ಈ ಹೆಸರಿಗೂ ಸಂಬಂಧವಿಲ್ಲ, ಕೆಲಸ ಮಾತ್ರ ನಾಕಾದ ಪೊಲೀಸರದೇ. 4ನೇ ನಂಬರಿನ ಟೋಲ್ ಬ್ಯಾಕ್ಟೀರಿಯಾದ ಹೊರಕವಚದ ಅಂಶವನ್ನು ಗುರುತಿಸಿದರೆ, 5ನೆಯದು ಅದು ಈಜುವ ಬಾಲವನ್ನು ಗುರುತಿಸುತ್ತದೆ. ಇಲಿಗಳ ಕಿಡ್ನಿಯನ್ನು 11ನೇ ನಂಬರಿನದೂ ಕಾಯುತ್ತದೆಂದು 2004ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಅದು ಕೆಲಸ ಮಾಡುವುದಿಲ್ಲ. 4ನೆಯದರ ಕೆಲಸವನ್ನು 1998ರಲ್ಲಿ ಕಂಡುಹಿಡಿದ ಅಮೆರಿಕದ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್ ಹಂಚಿಕೊಂಡರು.

ಗುರುತು ಸಿಕ್ಕ ಕೂಡಲೇ ಜೀವಕೋಶಗಳು ರಾಸಾಯನಿಕ ಸಂದೇಶ ಕಳಿಸುತ್ತವೆ. ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಲ್ಯಾಬಿನ ರಿಪೋರ್ಟಿನಲ್ಲಿ ‘ಪಸ್ ಸೆಲ್ಸ್’ ಎಂದು ಬರೆಯುವುದು ಇವುಗಳನ್ನೇ. ಅದೇ ಸಂದೇಶ ಮೆದುಳಿಗೆ ತಲುಪಿದಾಗ ಜ್ವರ ಏರುತ್ತದೆ.

ಅಂದಮೇಲೆ ಅಂಗಡಿಯ ಜ್ವರದ ಗುಳಿಗೆ ನುಂಗಿ ಕೆಲಸಕ್ಕೆ ಹೋಗುವುದೆಂದರೆ, ಕಳ್ಳ ಮನೆಯೊಳಗಿರುವಾಗ ನಾಯಿಯ ಬಾಯಿ ಕಟ್ಟಿದಂತೆ. ಜ್ವರ ಇಳಿದರೂ ರೋಗಾಣು ಅಲ್ಲೇ ಇರುತ್ತದೆ. ಕಿಡ್ನಿಗೆ ಗಾಯವಾಗಬಹುದು, ರಕ್ತಕ್ಕೆ ನಂಜೇರಿ ಜೀವಕ್ಕೇ ಕುತ್ತಾಗಬಹುದು. ಅದೇ ದಿನ ಡಾಕ್ಟರರಿಗೆ ತೋರಿಸಿ, ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆಗೆ ಕೊಡಿ. ಆರಾಮ ಅನ್ನಿಸಿದರೂ ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಚಿಕ್ಕ ಮಕ್ಕಳ ವಿಷಯದಲ್ಲಿ ತಡ ಬೇಡವೇ ಬೇಡ. ವಯಸ್ಸಾದವರಿಗೆ ಜ್ವರ ಕಾಣಿಸದೆಯೂ ಇರಬಹುದು.

ಹೊಲದಲ್ಲಿ ಮರೆ ಇಲ್ಲವೆಂದು ನಮ್ಮ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದು ದುಡಿಯುತ್ತಾರೆ. ರೋಗಾಣುವನ್ನು ಕೊಚ್ಚಿ ಹೊರಹಾಕುವುದು ಆ ಮೂತ್ರವೇ. ಕೆಲಸಕ್ಕೆ ಕರೆಯುವವರು ಒಂದು ಮರೆ, ಒಂದು ಕೊಡ ನೀರಿನ ವ್ಯವಸ್ಥೆ ಮಾಡಿದರೆ ಎಷ್ಟೋ ಕಿಡ್ನಿ ಉಳಿದಾವು.