ಬತ್ತುವ ಕೆರೆಗಳ ಸೀಮೆಯಲ್ಲಿ ಹಳೆಯ ಹರಿಗೋಲು: ದಂಪತಿಯ ದುಡಿಮೆ, ಜೋಪಾನದ ಕ್ರಮ

ಮಧುಗಿರಿ: ಹರಿಗೋಲು ಎಂದೊಡನೆ ನಗರದ ಓದುಗರ ಕಣ್ಣ ಮುಂದೆ ಬರುವುದು ಹಂಪಿಯ ತುಂಗಭದ್ರೆ, ತಲಕಾಡಿನ ಕಾವೇರಿ ಅಥವಾ ಹೊಗೇನಕಲ್ ಜಲಪಾತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೆಸರು ಕೇಳಿದರೆ ನೆನಪಾಗುವುದು ಬಂಡೆ, ಬರ ಮತ್ತು ಕಡಲೆಕಾಯಿ. ಆದರೆ ಕೆರೆ ತುಂಬಿದ ವರ್ಷ ಈ ಬಯಲುಸೀಮೆಯಲ್ಲೂ ಹರಿಗೋಲುಗಳು ನೀರಿಗಿಳಿಯುತ್ತವೆ. ರಾಜ್ಯದ ಒಳನಾಡು ಮೀನುಗಾರಿಕೆಯಲ್ಲಿ ಒಂದು ಹರಿಗೋಲಿಗೆ ಇಬ್ಬರು ಎಂಬುದು ವಾಡಿಕೆ. ಆ ಇಬ್ಬರು ಅನೇಕ ಕಡೆ ಗಂಡ ಹೆಂಡತಿಯೇ ಆಗಿರುತ್ತಾರೆ. ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ.

ಹೊಸ ಹರಿಗೋಲು ಕೊಳ್ಳುವುದು ಎಲ್ಲರ ಕೈಗೆಟಕುವ ಮಾತಲ್ಲ. ಆದ್ದರಿಂದ ಹಳೆಯದನ್ನೇ ರಿಪೇರಿ ಮಾಡಿ ಹಲವು ವರ್ಷ ನಡೆಸುವುದು ಅನಿವಾರ್ಯ. ಹೀಗೆ ನಡೆಸುವಾಗ ಬಯಲುಸೀಮೆಯ ದಂಪತಿಗೆ ಎದುರಾಗುವ ಸಮಸ್ಯೆ ನದಿತೀರದವರ ಸಮಸ್ಯೆಗಿಂತ ಭಿನ್ನವಾದುದು. ಇಲ್ಲಿ ಹರಿಗೋಲು ನೀರಿನಲ್ಲಿ ಕೊಳೆತು ಹಾಳಾಗುವುದಕ್ಕಿಂತ ದಡದಲ್ಲಿ ಒಣಗಿ ಹಾಳಾಗುವುದೇ ಹೆಚ್ಚು.

ನೀರಿಗಿಂತ ನೆಲದ ಮೇಲೆ

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಭಾಗಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆ ಬಿದ್ದಾಗ ಮಾತ್ರ ಅದಕ್ಕೆ ಜೀವ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಹಾಯುವ ಉತ್ತರ ಪಿನಾಕಿನಿಯ ಸ್ಥಿತಿಯೂ ಅದೇ. ಶಿರಾ ಮತ್ತು ಕಳ್ಳಂಬೆಳ್ಳ ಕೆರೆಗಳಿಗೆ ಹೇಮಾವತಿ ನಾಲೆಯ ನೀರಿನ ಆಸರೆ ಇದೆ. ಉಳಿದ ಬಹುಪಾಲು ಕೆರೆಗಳಿಗೆ ಮುಗಿಲೇ ಗತಿ.

2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿಯಿತು. ಎಷ್ಟೋ ಕೆರೆಗಳು ಕೋಡಿ ಬಿದ್ದವು. ಊರೂರುಗಳಲ್ಲಿ ಗಂಗಾಪೂಜೆ, ತೆಪ್ಪೋತ್ಸವಗಳು ನಡೆದವು. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಬೇಕಾಯಿತು. ತುಂಬಿದ ಕೆರೆಯನ್ನು ನಂಬಿ ಹರಿಗೋಲು ಕೊಂಡವರ ಲೆಕ್ಕಾಚಾರ ಇಂತಹ ಏರಿಳಿತದ ನಡುವೆಯೇ ಸಾಗಬೇಕು.

ಬುಟ್ಟಿಯಂಥ ದೋಣಿ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ಚರ್ಮ ಇರುವ ದುಂಡು ದೋಣಿಗಳಲ್ಲಿ ಜನರು, ದನಕರುಗಳು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇದಕ್ಕೂ ಹಿಂದೆ, ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ಇಂತಹುದೇ ದೋಣಿಗಳನ್ನು ಬಣ್ಣಿಸಿದ್ದಾನೆ. ಹೊಳೆಯ ಸೆಳೆತಕ್ಕೆ ಎದುರಾಗಿ ಅವು ಹೋಗಲಾರವು. ಆದ್ದರಿಂದ ವ್ಯಾಪಾರಿಗಳು ಕತ್ತೆಯನ್ನೂ ದೋಣಿಯಲ್ಲೇ ತರುತ್ತಿದ್ದರು. ಸರಕು ಮಾರಿದ ಬಳಿಕ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಹೊದಿಕೆಯೇ ಇಂತಹ ದೋಣಿಯ ಬೆಲೆಬಾಳುವ ಭಾಗ ಎಂಬುದು ಆಗಲೇ ತಿಳಿದಿತ್ತು.

ನಮ್ಮ ಹರಿಗೋಲಿನ ರಚನೆಯೂ ಸರಳ. ಬಿದಿರಿನ ಸೀಳುಗಳನ್ನು ಹೆಣೆದ ಬುಟ್ಟಿ, ಅದಕ್ಕೆ ದಪ್ಪನೆಯ ಅಂಚು, ಹೊರಗೆ ನೀರು ತಡೆಯುವ ಹೊದಿಕೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಗೋಣಿ ಮತ್ತು ಟಾರು ಬಂದಿವೆ. ಬಿದಿರೇ ಇಲ್ಲದ ಫೈಬರ್ ಗ್ಲಾಸ್ ಹರಿಗೋಲುಗಳೂ ಬಳಕೆಯಲ್ಲಿದ್ದು, ಮೀನುಗಾರಿಕೆ ಇಲಾಖೆ ಅವುಗಳ ಖರೀದಿಗೆ ನೆರವು ನೀಡುತ್ತ ಬಂದಿದೆ.

ಜೋಪಾನದ ಕ್ರಮ

ಬಿದಿರಿಗೆ ಮೊದಲ ವೈರಿ ಗೆದ್ದಲು, ಎರಡನೆಯದು ಬಿದಿರಿನೊಳಗಿನ ಪಿಷ್ಟವನ್ನು ತಿಂದು ಹಿಟ್ಟು ಉದುರಿಸುವ ಹುಳು. ಹರಿಗೋಲನ್ನು ತಟ್ಟಿದಾಗ ಬಿಳಿಯ ಪುಡಿ ಉದುರಿದರೆ ಹುಳು ಒಳಸೇರಿದೆ ಎಂದೇ ಅರ್ಥ. ಅಂತಹ ಸೀಳುಗಳನ್ನು ಆಗಲೇ ಬದಲಿಸಬೇಕು. ಹೊಸ ಸೀಳುಗಳನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ ಬಳಸಿದರೆ ಪಿಷ್ಟ ಕರಗಿ ಹುಳುವಿನ ಕಾಟ ತಗ್ಗುತ್ತದೆ; ಸೀಳು ಮುರಿಯದೆ ಬಾಗುತ್ತದೆ.

ಕೆರೆ ಬತ್ತಿದ ತಿಂಗಳುಗಳಲ್ಲಿ ಹರಿಗೋಲನ್ನು ನೆಲಕ್ಕೆ ತಾಗಿಸದೆ, ಕಲ್ಲುಗಳ ಮೇಲೆ ಕವುಚಿ, ನೆರಳಿನಲ್ಲಿ ಇಡಬೇಕು. ಈ ಭಾಗದ ಬೇಸಿಗೆಯ ಬಿಸಿಲಿಗೆ ಟಾರು ಮೊದಲು ಕರಗಿ ಜಾರುತ್ತದೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನೆರಳಿಲ್ಲದ ಕೆರೆ ಏರಿಯ ಮೇಲೆ ಬಿಟ್ಟುಬಂದ ಹರಿಗೋಲು ಮುಂದಿನ ಮಳೆಗೆ ಉಪಯೋಗಕ್ಕೆ ಬರುವುದು ಅಪರೂಪ.

ಹೊಸ ಟಾರು ಬಳಿಯುವ ಮುನ್ನ ಹಳೆಯ ಸಡಿಲ ಪದರವನ್ನು ಕೆರೆದು ತೆಗೆಯಬೇಕು. ಬಿರುಕಿನ ಮೇಲೆಯೇ ಬಳಿದರೆ ಒಳಗಿನ ತೇವ ಹಾಗೇ ಉಳಿದು ಬಿದಿರು ಕೊಳೆಯುತ್ತದೆ. ಫೈಬರ್ ಹರಿಗೋಲಿಗೆ ಗೆದ್ದಲಿನ ಭಯವಿಲ್ಲ. ಆದರೆ ಬಂಡೆಗೆ ಬಡಿದ ಕಡೆ ನಕ್ಷತ್ರದಾಕಾರದ ಸಣ್ಣ ಬಿರುಕುಗಳು ಮೂಡುತ್ತವೆ. ಆ ಜಾಗವನ್ನು ಚೆನ್ನಾಗಿ ಒಣಗಿಸಿ, ಉಜ್ಜಿ ಒರಟಾಗಿಸಿ, ನಾರಿನ ಹಾಳೆ ಮತ್ತು ರಾಳದಿಂದ ಮುಚ್ಚಬೇಕು.

ನೀರಿಗಿಳಿಸುವ ಮೊದಲ ದಿನ ಬಲೆ ಹೇರದೆ, ದಡದ ಬಳಿ ಮೊಣಕಾಲುದ್ದ ನೀರಿನಲ್ಲೇ ಸ್ವಲ್ಪ ಹೊತ್ತು ತೇಲಿಸಿ ನೋಡುವುದು ಒಳ್ಳೆಯದು.

ಇಬ್ಬರ ತೂಕ, ಒಂದೇ ಹುಟ್ಟು

ಉದ್ದನೆಯ ದೋಣಿಗಿರುವ ಅಡಿಮರ ಹರಿಗೋಲಿಗಿಲ್ಲ. ಪಕ್ಕದಿಂದ ಹುಟ್ಟು ಹಾಕಿದರೆ ಅದು ಬುಗುರಿಯಂತೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಮುಂದಿನ ನೀರನ್ನು ತನ್ನತ್ತ ಎಳೆದುಕೊಂಡರೆ ಮಾತ್ರ ನೇರ ಸಾಗುತ್ತದೆ. ಆಷಾಢದ ಗಾಳಿಗೆ ಅದು ತರಗೆಲೆಯಂತೆ ಸರಿಯುತ್ತದೆ. ಸಂಜೆ ಬಲೆ ಬಿಟ್ಟು, ಗಾಳಿ ತಗ್ಗಿದ ಮುಂಜಾವಿನಲ್ಲಿ ಎತ್ತುವ ರೂಢಿಗೆ ಇದೂ ಒಂದು ಕಾರಣ.

ಕಟ್ಲಾ, ರೋಹು, ಗೆಂಡೆ ಬಿದ್ದ ಬಲೆಯನ್ನು ಎಳೆಯುವಾಗ ಒಂದು ಅಂಚಿನ ಮೇಲೆ ಭಾರ ಬೀಳುತ್ತದೆ. ಆಗ ಹುಟ್ಟು ಹಿಡಿದವರು ಎದುರು ಬದಿಗೆ ಸರಿದು ತೂಕ ಸರಿದೂಗಿಸಬೇಕು. ಇಬ್ಬರೂ ಒಂದೇ ಕಡೆ ಬಾಗಿದರೆ ಅಥವಾ ಎದ್ದು ನಿಂತರೆ ಹರಿಗೋಲು ಮಗುಚುವುದು ಕ್ಷಣದ ಕೆಲಸ. ಗಂಡ ಬಲೆ ಎಳೆಯುವುದು, ಹೆಂಡತಿ ಹುಟ್ಟು ಹಾಕುವುದು ಎಂಬ ಹಂಚಿಕೆ ಸಾಮಾನ್ಯವಾದರೂ ಇಬ್ಬರಿಗೂ ಎರಡೂ ಕೆಲಸ ಬರಬೇಕು. ಒಬ್ಬರು ನೀರಿಗೆ ಬಿದ್ದರೆ ಹರಿಗೋಲನ್ನು ಅವರ ಬಳಿ ತರಬಲ್ಲವರು ಇನ್ನೊಬ್ಬರು ಮಾತ್ರ.

ಸಾಗರದಲ್ಲೂ ನಿಯಮ ಇದೇ. ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ರಂದು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ ತಿಂಗಳಲ್ಲಿ ಮರಳಿದರು. ಅದು 2017ರಲ್ಲಿ ನೌಕಾಪಡೆಗೆ ಸೇರಿ, ಮರುವರ್ಷದೊಳಗೆ ಒಮ್ಮೆ ಜಗತ್ತು ಸುತ್ತಿ ಬಂದಿದ್ದ ದೋಣಿ. ಒಬ್ಬರು ನಿದ್ರಿಸುವಾಗ ಇನ್ನೊಬ್ಬರೇ ಇಡೀ ದೋಣಿಯನ್ನು ನಡೆಸಬೇಕಾದ ಪಯಣದಲ್ಲಿ ಹಾಯಿ ಕಟ್ಟುವುದರಿಂದ ರಿಪೇರಿಯವರೆಗೆ ಎಲ್ಲವೂ ಇಬ್ಬರಿಗೂ ತಿಳಿದಿರಬೇಕಾಗುತ್ತದೆ.

ಕಾಣದ ಮುಳ್ಳು, ಕಾಣದ ಗುಂಡಿ

ಬರಗಾಲದಲ್ಲಿ ಬತ್ತಿದ ಕೆರೆಯಂಗಳವನ್ನು ಬಳ್ಳಾರಿ ಜಾಲಿ ಆಕ್ರಮಿಸುತ್ತದೆ. ಕೆರೆ ಮತ್ತೆ ತುಂಬಿದಾಗ ಆ ಮುಳ್ಳಿನ ಪೊದೆ, ಕಡಿದು ಬಿಟ್ಟ ಮೋಟು ಎಲ್ಲವೂ ನೀರಿನಡಿ ಅಡಗುತ್ತವೆ. ಹರಿಗೋಲಿನ ಹೊದಿಕೆ ಸೀಳುವುದು, ಬಲೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಮಣ್ಣು ತೆಗೆದ ಗುಂಡಿಗಳು ಇನ್ನೂ ಅಪಾಯಕರ. ಮೊಣಕಾಲುದ್ದ ನೀರೆಂದು ಕೆಳಗಿಳಿದವರಿಗೆ ಮುಂದಿನ ಹೆಜ್ಜೆಯಲ್ಲಿ ಆಳುದ್ದ ನೀರು ಎದುರಾಗುತ್ತದೆ. ಕೆರೆ ಒಣಗಿರುವಾಗಲೇ ದಂಪತಿ ಒಮ್ಮೆ ಅಂಗಳವನ್ನು ನಡೆದು ನೋಡಿ ಗುಂಡಿ, ಮೋಟುಗಳ ಗುರುತು ಮಾಡಿಕೊಳ್ಳುವುದು ವಿವೇಕ.

ಜೀವರಕ್ಷಕ ಜಾಕೆಟ್ ಇಬ್ಬರಿಗೂ ಇರಬೇಕು. ಅದು ಇಲ್ಲದ ಕಡೆ, ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನಾದರೂ ಹರಿಗೋಲಿಗೆ ಕಟ್ಟಿರಬೇಕು. ಮಗುಚಿದಾಗ ಹಿಡಿದು ತೇಲಲು ಅವು ಆಸರೆಯಾಗುತ್ತವೆ. ಇದು ಜಾಕೆಟ್‌ಗೆ ಸಮನಾದ ರಕ್ಷಣೆಯಲ್ಲ ಎಂಬುದನ್ನು ಮರೆಯಬಾರದು.

ದಾಖಲೆಯಲ್ಲಿ ಹೆಸರು ಯಾರದು?

ದೊಡ್ಡ ಕೆರೆಗಳ ಮೀನುಗಾರಿಕೆ ಹಕ್ಕನ್ನು ಇಲಾಖೆಯೂ, ಸಣ್ಣ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿಗಳೂ ಗುತ್ತಿಗೆಗೆ ನೀಡುತ್ತವೆ. ನೀರಿನ ಮೇಲೆ ಇಬ್ಬರು ದುಡಿದರೂ ಸಹಕಾರ ಸಂಘದ ಸದಸ್ಯತ್ವ, ಪರವಾನಗಿ, ನೆರವಿನ ಹರಿಗೋಲು ಸಾಮಾನ್ಯವಾಗಿ ಗಂಡನ ಹೆಸರಿನಲ್ಲೇ ಇರುತ್ತವೆ. ಅವಘಡ ಸಂಭವಿಸಿದಾಗ ಈ ವ್ಯತ್ಯಾಸದ ಬಿಸಿ ತಟ್ಟುತ್ತದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯ ಸಮೂಹ ಅಪಘಾತ ವಿಮೆಯಲ್ಲಿ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ, ಆಸ್ಪತ್ರೆ ವೆಚ್ಚಕ್ಕೆ 25 ಸಾವಿರ ರೂಪಾಯಿಯವರೆಗೆ ಪರಿಹಾರ ನಿಗದಿಯಾಗಿದೆ. ಈ ರಕ್ಷಣೆ ವ್ಯಕ್ತಿಗೆ ಸೇರಿದ್ದೇ ಹೊರತು ಹರಿಗೋಲಿಗಲ್ಲ. ಹೆಂಡತಿಯ ಹೆಸರು ಬೇರೆಯಾಗಿ ಸೇರದಿದ್ದರೆ ಗಂಡನ ವಿಮೆ ಆಕೆಯನ್ನು ಕಾಯುವುದಿಲ್ಲ. 2024ರಲ್ಲಿ ಆರಂಭವಾದ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಇಬ್ಬರೂ ಪ್ರತ್ಯೇಕವಾಗಿ ಮೀನುಗಾರರೆಂದು ನೋಂದಾಯಿಸಿಕೊಳ್ಳುವುದು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ. ತಾಲ್ಲೂಕು ಕೇಂದ್ರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಮುಂದಿನ ಮುಂಗಾರು ಯಾವ ಕೆರೆಯನ್ನು ತುಂಬಿಸುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಅಲ್ಲಿಯವರೆಗೆ ಹರಿಗೋಲನ್ನು ನೆರಳಿನಲ್ಲಿ ಇಡುವುದು, ಬಿರುಕು ಮುಚ್ಚುವುದು, ಇಬ್ಬರ ಹೆಸರನ್ನೂ ದಾಖಲೆಗೆ ಸೇರಿಸುವುದು ಮಾತ್ರ ದಂಪತಿಯ ಕೈಯಲ್ಲಿವೆ. ನೀರು ಬಂದ ಮೇಲೆ ಇವಕ್ಕೆ ಬಿಡುವು ಸಿಗದು.